ನೀಲಿ ಮಬ್ಬು ಮತ್ತು ಮರದ ಮೇಲಿನ ಆರೋಪ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮರಗಳೂ ಗಾಳಿಯನ್ನು ಕೆಡಿಸುತ್ತವೆಯಂತೆ, ನಿಜವೇ ಎಂದು ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು. ಪ್ರಶ್ನೆ ಹೊಸದಲ್ಲ. 1980ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ರೊನಾಲ್ಡ್ ರೇಗನ್ ಅವರು ವಾಯುಮಾಲಿನ್ಯದ ಬಹುಪಾಲು ಸಸ್ಯಗಳಿಂದಲೇ ಬರುತ್ತದೆ ಎಂಬ ಅರ್ಥದ ಮಾತನ್ನಾಡಿದ್ದರು. ನಾನು ಮತ್ತೆ ಕೊಲ್ಲುವ ಮೊದಲು ನನ್ನನ್ನು ಕಡಿಯಿರಿ ಎಂಬ ಫಲಕವನ್ನು ಮರಕ್ಕೆ ತೂಗುಹಾಕಿ ಅಲ್ಲಿನ ವಿದ್ಯಾರ್ಥಿಗಳು ಗೇಲಿ ಮಾಡಿದರು. ಆದರೆ ಗೇಲಿಯು ಉತ್ತರವಾಗದು. ಆ ಮಾತಿನಲ್ಲಿ ಒಂದು ಪಾಲು ಸತ್ಯವೂ ಇತ್ತು.

ನೀಲಗಿರಿಯ ಎಲೆಯನ್ನು ಹೊಸಕಿದರೆ ಮೂಗಿಗೆ ಬಡಿಯುವ ಘಮಲು ಟರ್ಪೀನ್ ಎಂಬ ಸಾವಯವ ಆವಿಗಳದ್ದು. ಇವಕ್ಕಿಂತ ಹಗುರವಾದದ್ದು ಐದು ಇಂಗಾಲದ ಪರಮಾಣುಗಳುಳ್ಳ ಐಸೊಪ್ರೀನ್. ಬಿಸಿಲೇರಿದಂತೆ ಅನೇಕ ಜಾತಿಯ ಮರಗಳು ಇದನ್ನು ಹೆಚ್ಚು ಹೆಚ್ಚಾಗಿ ಹೊರಬಿಡುತ್ತವೆ. ಶಾಖದಿಂದ ಎಲೆಯನ್ನು ರಕ್ಷಿಸಿಕೊಳ್ಳುವ ಉಪಾಯವಿದು. ಜಗತ್ತಿನ ಸಸ್ಯರಾಶಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನನ್ನು ಗಾಳಿಗೆ ಸೇರಿಸುತ್ತದೆಂಬುದು ಅಂದಾಜು.

ಕಾಡುಗುಡ್ಡಗಳ ಮೇಲೆ ಕಾಣುವ ನೀಲಿ ಮಬ್ಬಿಗೆ ಈ ಆವಿಗಳೇ ಮೂಲವೆಂದು 1960ರಲ್ಲಿ ಬರೆದವರು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್. ಅವರ ಸಹೋದ್ಯೋಗಿಯಾಗಿದ್ದ ಹಾಗೆನ್-ಸ್ಮಿಟ್ ಅನಾನಸಿನ ಪರಿಮಳವನ್ನು ಶೋಧಿಸುತ್ತಿದ್ದ ರಸಾಯನಜ್ಞರು. ಲಾಸ್ ಏಂಜಲಿಸ್ ಸುತ್ತಲಿನ ಹೊಲಗಳಲ್ಲಿ ಪಾಲಕ್ ಮುಂತಾದ ಬೆಳೆಗಳ ಎಲೆ ಸುಡುತ್ತಿದ್ದುದರ ಕಾರಣವನ್ನು ಹುಡುಕಹೊರಟ ಅವರು, ಪೆಟ್ರೋಲಿನ ಆವಿಯೂ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದಾಗ ಓಝೋನ್ ಹುಟ್ಟುವುದೆಂದು 1950ರ ದಶಕದ ಆರಂಭದಲ್ಲಿ ತೋರಿಸಿದರು. ನಗರದ ಗಾಳಿಯ ಕಾಯಿಲೆಯನ್ನು ಸೊಪ್ಪಿನ ಮಡಿಯೇ ಸಾರಿ ಹೇಳಿದ ಈ ವೃತ್ತಾಂತ, ಕೃಷಿ ವಿಜ್ಞಾನದವನಾದ ನನಗೆ ತುಸು ಹೆಚ್ಚೇ ಪ್ರಿಯವಾದುದು.

ಹಾಗಾದರೆ ಆವಿಯು ಕಣವಾಗುವುದು ಹೇಗೆ? ದೇವರ ದೀಪದ ಅಂಚಿನಲ್ಲಿ ಉಳಿದ ಹಳೆಯ ಎಣ್ಣೆ ಅಂಟಾಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಗಾಳಿಯ ಆಮ್ಲಜನಕವು ಎಣ್ಣೆಯ ಅಣುವಿನ ಜೋಡಿಬಂಧದ ಬಳಿ ಸೇರಿಕೊಂಡು ಅದನ್ನು ಭಾರವಾಗಿಸುತ್ತದೆ. ಆಕಾಶದಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಿಯೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಥವಾ ಓಝೋನ್ ಮರದ ಆವಿಯ ಜೋಡಿಬಂಧವನ್ನು ಮುರಿಯುತ್ತದೆ, ಆಮ್ಲಜನಕ ಬಂದು ಸೇರುತ್ತದೆ. ಭಾರವಾದ ಅಣು ಇನ್ನು ಆವಿಯಾಗಿ ಉಳಿಯಲಾರದೆ ಕಣವೊಂದಕ್ಕೆ ಅಂಟುತ್ತದೆ. ಹೀಗೆ ಹುಟ್ಟುವ ಕಣಗಳು ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣವು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಮೋಡದ ಹನಿಗೆ ಬೀಜವೂ ಆಗಬಲ್ಲವು.

ಐಸೊಪ್ರೀನ್ ಮಾತ್ರ ಕಣವಾಗದಷ್ಟು ಹಗುರವೆಂದೇ ಬಹುಕಾಲ ನಂಬಲಾಗಿತ್ತು. 2004ರಲ್ಲಿ ಅಮೆಜಾನ್ ಕಾಡಿನ ಕಣಗಳಲ್ಲಿ ಅದರಿಂದ ಹುಟ್ಟಿದ ಸಂಯುಕ್ತಗಳು ದೊರೆತು ಆ ನಂಬಿಕೆ ಸಡಿಲವಾಯಿತು. ಅನಂತರ ತಿಳಿದುಬಂದ ವಿಷಯವೇ ಇಂದಿನ ನನ್ನ ಮಾತಿನ ತಿರುಳು. ಐಸೊಪ್ರೀನಿನಿಂದ ಉಂಟಾಗುವ ಇಪಾಕ್ಸೈಡುಗಳು ಆಮ್ಲೀಯ ಸಲ್ಫೇಟ್ ಕಣಗಳ ಮೇಲೆ ಬಹು ಬೇಗ ನೆಲೆಗೊಳ್ಳುತ್ತವೆ. ಆ ಸಲ್ಫೇಟು ಬಹುಪಾಲು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳದ್ದು. 2013ರ ಬೇಸಿಗೆಯಲ್ಲಿ ಅಮೆರಿಕದ ಅಲಬಾಮಾದ ಕಾಡಿನಂಚಿನಲ್ಲಿ ನಡೆದ ವಿಸ್ತೃತ ಅಧ್ಯಯನವು, ಮರದಿಂದ ಬಂದ ಕಣಗಳೆಂದು ಎಣಿಸಿದ್ದವುಗಳ ದೊಡ್ಡ ಪಾಲು ಮನುಷ್ಯನ ಹೊಗೆಯ ನೆರವಿಲ್ಲದೆ ರೂಪುಗೊಳ್ಳದೆಂದು ತೋರಿಸಿತು.

ಪುರಾವೆ ಅಲ್ಲಿಯ ಬೆಟ್ಟಗಳಲ್ಲೇ ಇದೆ. 1990ರಲ್ಲಿ ಅಮೆರಿಕ ತನ್ನ ವಾಯು ಕಾಯಿದೆಯನ್ನು ಬಿಗಿಗೊಳಿಸಿತು. ಅಲ್ಲಿಂದ 2020ರ ಹೊತ್ತಿಗೆ ದೇಶದ ಗಂಧಕದ ಡೈಆಕ್ಸೈಡ್ ಶೇಕಡಾ 90ಕ್ಕೂ ಹೆಚ್ಚು ಇಳಿಯಿತು. ಮಬ್ಬಿನಿಂದಲೇ ಹೆಸರು ಪಡೆದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ದೂರದ ಸಾಲುಗಳು ಮತ್ತೆ ಸ್ಪಷ್ಟವಾಗಿ ಕಾಣತೊಡಗಿದವು. ಅದಕ್ಕಾಗಿ ಯಾರೂ ಕಾಡು ಕಡಿಯಲಿಲ್ಲ.

ನಮ್ಮ ಊರಿಗೆ ಬರೋಣ. ನೀಲಗಿರಿಯು ಐಸೊಪ್ರೀನನ್ನು ಧಾರಾಳವಾಗಿ ಬಿಡುವ ಮರ. ವಾಹನ ದಟ್ಟಣೆಯ ಪೇಟೆಯ ಅಂಚಿನಲ್ಲಿ ಅದನ್ನೇ ಸಾಲಾಗಿ ನೆಡುವುದು ವಿವೇಕವೆಂದು ನಾನು ಹೇಳಲಾರೆ. ಇನ್ನು ದರಕು ಸುಡುವ ವಿಚಾರ. ಬೆಂಕಿಯು ಕಣಗಳನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ಒಟ್ಟಿಗೇ ಕೊಡುತ್ತದೆ, ಅದೂ ಗಾಳಿಯಾಡದ ಚಳಿಗಾಲದ ಕಣಿವೆಯೊಳಗೆ. ನಾನೂ ಹಲವು ವರ್ಷ ಸುಟ್ಟವನೇ. ಈಗ ಅದು ಅಡಿಕೆ ಮರದ ಬುಡ ಸೇರುತ್ತಿದೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಶಾಲೆಯ ಅಂಗಳದಿಂದ ಕಾಣುವ ಅತಿ ದೂರದ ಗುಡ್ಡವೊಂದನ್ನು ಗುರುತಿಸಿಟ್ಟುಕೊಳ್ಳಿ. ಜನವರಿಯಿಂದ ಮಳೆ ಹಿಡಿಯುವವರೆಗೆ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅದು ಕಂಡಿತೋ ಇಲ್ಲವೋ, ಹಿಂದಿನ ದಿನ ಎಲ್ಲಾದರೂ ಬೆಂಕಿ ಬಿದ್ದಿತ್ತೋ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ಆ ಪುಸ್ತಕಗಳನ್ನು ಕೂಡಿಸಿ ಓದೋಣ.