ಗಾಯಕ್ಕೆ ಮೊದಲು ನೀರು



ಮಗು ಬಿದ್ದು ಮಂಡಿ ತರಚಿಕೊಂಡರೆ, ಈಳಿಗೆಮಣೆಗೆ ಬೆರಳು ಸಿಕ್ಕಿದರೆ ನಮ್ಮ ಮನೆಗಳಲ್ಲಿ ಮೊದಲು ಹುಡುಕುವುದು ಮುಲಾಮಿನ ಟ್ಯೂಬನ್ನು. ಸೋಫ್ರಾಮೈಸಿನ್, ನಿಯೋಸ್ಪೊರಿನ್ ಎಂಬ ಹೆಸರುಗಳು ಅಜ್ಜಿಯರಿಗೂ ಬಾಯಿಪಾಠ. ಅವು ಆ್ಯಂಟಿಬಯೋಟಿಕ್‌ಗಳೆಂದು ತಿಳಿದು ಹಚ್ಚುವವರು ಕಡಿಮೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಸಣ್ಣ ಗಾಯ ಕೀವಾಗದಂತೆ ತಡೆಯುವುದರಲ್ಲಿ ದೊಡ್ಡ ಪಾಲು ನೀರಿನದು, ಮುಲಾಮಿನದು ಚಿಕ್ಕದು.

ಮುಲಾಮನ್ನು ಹಗುರಾಗಿ ಕಾಣುವ ಮಾತಲ್ಲ ಇದು. 1943ರಲ್ಲಿ ನ್ಯೂಯಾರ್ಕಿನಲ್ಲಿ ಕಾಲು ಮುರಿದುಕೊಂಡ ಬಾಲಕಿಯೊಬ್ಬಳ ಗಾಯದಲ್ಲೇ, ಇತರ ಬ್ಯಾಕ್ಟೀರಿಯಗಳನ್ನು ಹತ್ತಿಕ್ಕುವ ಒಂದು ಬ್ಯಾಕ್ಟೀರಿಯ ಸಿಕ್ಕಿತು. ಸಂಶೋಧಕರಾದ ಬಾಲ್ಬಿನಾ ಜಾನ್ಸನ್ ಮತ್ತು ಫ್ರಾಂಕ್ ಮೆಲೆನಿ ಅದರಿಂದ, ಇಂಥ ಮುಲಾಮುಗಳಲ್ಲಿ ಬಳಸುವ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದರು. 1949ರಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ತಂಡ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಯೋಮೈಸಿನ್ ತೆಗೆಯಿತು. ಚುಚ್ಚುಮದ್ದಾಗಿ ಕೊಟ್ಟರೆ ಇವು ಮೂತ್ರಪಿಂಡವನ್ನು ಕೆಡಿಸುತ್ತವೆ. ಹಾಗಾಗಿ ಹೆಚ್ಚಾಗಿ ಚರ್ಮದ ಮೇಲಿನ ಔಷಧಗಳಾಗಿಯೇ ಉಳಿದವು.

ಇವುಗಳಿಂದ ಪ್ರಯೋಜನವೆಷ್ಟು? ಅಮೆರಿಕದ ಎರಡು ಅಧ್ಯಯನಗಳು ಎರಡು ಉತ್ತರ ಕೊಡುತ್ತವೆ. ತುರ್ತು ಚಿಕಿತ್ಸೆಗೆ ಬಂದು ಹೊಲಿಗೆ ಹಾಕಿಸಿಕೊಂಡವರ ಮೇಲೆ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ್ಯಂಟಿಬಯೋಟಿಕ್ ಮುಲಾಮು ಹಚ್ಚಿದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಸೋಂಕು ತಗಲಿತು. ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿದವರಲ್ಲಿ ಸುಮಾರು 18 ಮಂದಿಗೆ. ಮರುವರ್ಷ ಪ್ರಕಟವಾದ, 900ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಜೆಲ್ಲಿಯವರಲ್ಲಿ ಶೇ. 2, ಬ್ಯಾಸಿಟ್ರಾಸಿನ್‌ನವರಲ್ಲಿ ಶೇ. 0.9. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಮೇಲಾಗಿ ಬ್ಯಾಸಿಟ್ರಾಸಿನ್ ಹಚ್ಚಿದ ನಾಲ್ವರಿಗೆ ಅಲರ್ಜಿಯಾಯಿತು, ಜೆಲ್ಲಿಯವರಲ್ಲಿ ಒಬ್ಬರಿಗೂ ಇಲ್ಲ. ಮೊದಲ ಅಧ್ಯಯನದವು ಅಪಘಾತದ ಗಾಯಗಳು, ಎರಡನೆಯದರವು ವೈದ್ಯರು ಶುಚಿಯಾಗಿ ಕೊಯ್ದವು. ನನ್ನ ದೃಷ್ಟಿಯಲ್ಲಿ ಫಲಿತಾಂಶ ಬೇರೆಯಾದದ್ದು ಮುಖ್ಯವಾಗಿ ಇದರಿಂದಲೇ. ಚೆನ್ನಾಗಿ ತೊಳೆದ ತರಚುಗಾಯವನ್ನು ನಾನು ಎರಡನೆಯ ಗುಂಪಿನ ಪಕ್ಕದಲ್ಲಿಡುತ್ತೇನೆ.

ತೊಳೆಯಲು ವಿಶೇಷ ದ್ರಾವಣ ಬೇಡ, ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು. ರಕ್ತ ನಿಲ್ಲುವವರೆಗೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮಣ್ಣು, ಮರಳಿನ ಕಣ ಹೋಗುವಷ್ಟು ನೀರು ಹರಿಸಿ. ಆಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ. ಪುಡಿ ಉದುರಿಸಿ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿಸುವ ನಮ್ಮ ರೂಢಿ ಬಿಡಬೇಕಾದದ್ದು. ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹಬ್ಬುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ತೋರಿಸಿದ್ದರು.

ಅಲರ್ಜಿಯ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಸೋಫ್ರಾಮೈಸಿನ್‌ನಲ್ಲಿರುವ ಫ್ರಾಮಿಸಿಟಿನ್ ನಿಯೋಮೈಸಿನ್‌ನದೇ ಒಂದು ರೂಪ. ಒಂದು ಒಗ್ಗದವರಿಗೆ ಸಾಮಾನ್ಯವಾಗಿ ಇನ್ನೊಂದೂ ಒಗ್ಗುವುದಿಲ್ಲ. ಗಾಯದ ಸುತ್ತ ಕೆಂಪಾಗಿ, ತುರಿಸಿ, ನೀರಾಡಿದರೆ ಜನ ಸೋಂಕೆಂದು ಭಾವಿಸಿ ಅದೇ ಮುಲಾಮನ್ನು ಇನ್ನಷ್ಟು ಬಳಿಯುತ್ತಾರೆ. ಅಲರ್ಜಿಯಷ್ಟೇ ಅಲ್ಲ, ಮ್ಯುಪಿರೋಸಿನ್, ಫ್ಯುಸಿಡಿಕ್ ಆಮ್ಲದಂಥ ಆ್ಯಂಟಿಬಯೋಟಿಕ್ ಮುಲಾಮುಗಳನ್ನು ತರಚುಗಾಯಕ್ಕೆ ಬಳಸುವುದಂತೂ ನನಗೆ ನೋವಿನ ಸಂಗತಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮೂಗಿನಲ್ಲಿ ನೆಲೆಸಿದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಗಳನ್ನು ಓಡಿಸಲು ಮ್ಯುಪಿರೋಸಿನ್ ಬೇಕು. ಸಿಕ್ಕಸಿಕ್ಕ ಕಡೆ ಬಳಸಿದಂತೆ ಆ ಬ್ಯಾಕ್ಟೀರಿಯಗಳು ಅದಕ್ಕೆ ಬಗ್ಗದಂತಾಗುತ್ತವೆ. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳೋ, ಗಾಯ ಮಾಯುವುದನ್ನೇ ನಿಧಾನಗೊಳಿಸುತ್ತವೆ. ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ.

ಮುಲಾಮನ್ನು ನೆಚ್ಚಿ ಕೂರಬಾರದ ಗಾಯಗಳೂ ಇವೆ. ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ವೈದ್ಯರು ನೋಡಬೇಕು. ಮೊಳೆ ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತೆಂದು ವಿಚಾರಿಸಬೇಕು. ಕೆಂಪು ಹರಡಿದರೆ, ಜ್ವರ ಬಂದರೆ ಕಾಯಬಾರದು. ನಾಯಿ ಕಚ್ಚಿದ್ದರೆ ಅರಿಶಿನ, ಖಾರದಪುಡಿ, ಸುಣ್ಣ ಏನನ್ನೂ ಹಚ್ಚದೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೇಬೀಸ್ ತರುವುದು ವೈರಸ್. ಯಾವ ಆ್ಯಂಟಿಬಯೋಟಿಕ್ಕೂ ಅದನ್ನು ಮುಟ್ಟಲಾರದು.