ಗೃಹನಿರ್ಮಾಣವೂ ಪ್ರಕೃತಿಶಕ್ತಿಯೂ



ಮನುಷ್ಯನು ಮನೆಯನ್ನು ಕಟ್ಟಿ ಮುಗಿಸಿದ ದಿನ ಅದರ ಬೆಲೆಯೆಲ್ಲವನ್ನೂ ತೆತ್ತು ಮುಗಿಸಿದೆನೆಂದು ಭಾವಿಸುವುದು ಲೋಕರೂಢಿಯು. ವಸ್ತುತಃ ಅದು ಹಾಗಲ್ಲ. ಸೆಕೆಯ ಮನೆಯನ್ನು ಕಟ್ಟಿದವನು ವಿದ್ಯುತ್ ಬೀಸಣಿಗೆಗೂ, ಕತ್ತಲೆಯ ಮನೆಯನ್ನು ಕಟ್ಟಿದವನು ಹಗಲುದೀಪಕ್ಕೂ ಬಾಳಿನುದ್ದಕ್ಕೂ ತೆರುತ್ತಲೇ ಇರಬೇಕಾಗುವುದು. ಆ ಋಣವು ಅವನ ಮಕ್ಕಳಿಗೂ ಉಳಿಯುವುದು. ಆದುದರಿಂದ ಶಕ್ತಿಯ ವಿಚಾರವು ವಿದ್ಯುತ್ತಿನ ತಂತಿಯಿಂದಲ್ಲ, ಮನೆಯ ಅಸ್ತಿಭಾರದಿಂದಲೇ ಪ್ರಾರಂಭವಾಗತಕ್ಕದ್ದು. ಮೊದಲು ಬೇಕೆಂಬುದನ್ನು ತಗ್ಗಿಸಬೇಕು. ಅನಂತರ ಹತ್ತಿರದಲ್ಲಿ ದೊರೆಯುವುದನ್ನು ಬಳಸಬೇಕು. ಕೊನೆಯಲ್ಲಿ ಮಾತ್ರ ದೂರದಿಂದ ತರಿಸಿಕೊಳ್ಳಬೇಕು. ಈ ಕ್ರಮವೇ ಇಂದಿನ ಭಾಷಣದ ಸಾರವು.

ಪ್ರಕೃತಿಯ ಶಕ್ತಿಯಿಂದ ವಿದ್ಯುತ್ತನ್ನು ಪಡೆಯುವುದು ಕನ್ನಡ ನಾಡಿಗೆ ನೂತನವಾದ ವಿಷಯವಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕಲ್ಲಿದ್ದಲು ಒಮ್ಮೆ ಉರಿದರೆ ಬೂದಿಯಾಗುವುದು. ನೀರಾದರೋ ಚಕ್ರವನ್ನು ತಿರುಗಿಸಿದ ಬಳಿಕವೂ ನೀರಾಗಿಯೇ ಮುಂದೆ ಹರಿಯುವುದು. ಮುಗಿಯದ ಶಕ್ತಿಯೆಂದರೆ ಇದೇ. ಆದರೆ ದೊಡ್ಡ ನದಿಯಿಂದ ಮಾತ್ರವೇ ಇದು ಸಾಧ್ಯವೆಂದು ತಿಳಿಯಲಾಗದು. ಚಿಕ್ಕ ತೊರೆಯಿಂದಲೂ ಸಾಧ್ಯವೆಂಬುದಕ್ಕೆ ದಕ್ಷಿಣ ಕನ್ನಡದ ಪಂಜದಂಥ ಊರನ್ನು ದೃಷ್ಟಾಂತವಾಗಿ ಭಾವಿಸಬಹುದು.

ಪಂಚಲಿಂಗೇಶ್ವರನ ಸನ್ನಿಧಿಯಿಂದ ಪ್ರಸಿದ್ಧವಾದ ಪಂಜವು ಸುಳ್ಯ ಸೀಮೆಯಲ್ಲಿ, ಪಶ್ಚಿಮಘಟ್ಟದ ಅಡಿಯಲ್ಲಿ, ಸುಬ್ರಹ್ಮಣ್ಯಕ್ಕೆ ಸಮೀಪವಾಗಿರುವುದು. ಅಡಕೆಯ ತೋಟಗಳು, ಅವುಗಳ ಮೇಲ್ಗಡೆ ಕಾಡುಗುಡ್ಡಗಳು, ಗುಡ್ಡದಿಂದಿಳಿಯುವ ತೊರೆಗಳು—ಇದೇ ಆ ಸೀಮೆಯ ರಚನೆಯು. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯು ಸುರಿಯುವುದು. ಆಷಾಢ ಶ್ರಾವಣಗಳಲ್ಲಿ ಮರಗಳು ಮುರಿದು ಬಿದ್ದು ವಿದ್ಯುತ್ ತಂತಿಗಳು ಹರಿಯುವುದೂ, ಒಂಟಿಮನೆಗಳು ಕತ್ತಲೆಯಲ್ಲಿ ಮುಳುಗುವುದೂ ಅಲ್ಲಿಯವರಿಗೆ ಅಪರಿಚಿತವಲ್ಲ.

ಆದರೆ ಯಾವ ಮಳೆಯು ತಂತಿಯನ್ನು ಹರಿಯುವುದೋ ಅದೇ ಮಳೆಯು ತೊರೆಯನ್ನು ತುಂಬುವುದು. ಮಲೆನಾಡಿನ ಮತ್ತು ಘಟ್ಟದ ತಪ್ಪಲಿನ ಅನೇಕ ಮನೆಗಳಲ್ಲಿ ಇಂಥ ತೊರೆಯ ನೀರನ್ನು ಕೊಳವೆಯಲ್ಲಿಳಿಸಿ, ಪುಟ್ಟ ಚಕ್ರವನ್ನು ತಿರುಗಿಸಿ, ಮನೆಗೆ ಬೇಕಾದ ಬೆಳಕನ್ನು ಪಡೆಯುತ್ತಿರುವರು. ಇದರ ಲೆಕ್ಕವು ಸುಲಭವಾದುದು. ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಎತ್ತರದಿಂದಿಳಿದರೆ ಅದರಲ್ಲಿ ಸುಮಾರು 2 ಕಿಲೋವಾಟು ಶಕ್ತಿಯಿರುವುದು. ಕೊಳವೆಯಲ್ಲಿಯೂ ಯಂತ್ರದಲ್ಲಿಯೂ ಅರ್ಧಾಂಶವು ನಷ್ಟವಾದರೂ ಉಳಿದ 1 ಕಿಲೋವಾಟು ಹಗಲಿರುಳು ದುಡಿದು ದಿನಕ್ಕೆ 24 ಯೂನಿಟ್ಟುಗಳನ್ನು ಕೊಡುವುದು. 9 ವಾಟಿನ ಎಲ್‌ಇಡಿ ದೀಪವು ಹಿಂದಿನ 60 ವಾಟಿನ ಬುರುಡೆಯಷ್ಟು ಬೆಳಗುವ ಈ ಕಾಲದಲ್ಲಿ ಒಂದು ಕುಟುಂಬಕ್ಕೆ ಇದು ಅಲ್ಪವಲ್ಲ.

ಬೇಸಗೆಯು ಬಂದಾಗ ತೊರೆಯು ಕ್ಷೀಣಿಸುವುದು. ಆಗ ಸೂರ್ಯನು ಪ್ರಖರನಾಗಿರುವನು. ಮಾಡಿನ ಮೇಲೆ 100 ಚದರ ಅಡಿಯೊಳಗಿನ ಸ್ಥಳದಲ್ಲಿ ಹೂಡಬಹುದಾದ 1 ಕಿಲೋವಾಟಿನ ಸೌರಫಲಕವು ನಿರ್ಮಲವಾದ ದಿನದಲ್ಲಿ ಸುಮಾರು 4 ಯೂನಿಟ್ಟುಗಳನ್ನು ಕೊಡುವುದು. ಮಳೆಗಾಲದಲ್ಲಿ ಮೋಡದ ಮರೆಯಿಂದ ಸೂರ್ಯನು ಕೊಡಲಾರದುದನ್ನು ತೊರೆಯು ಕೊಡುವುದು. ಬೇಸಗೆಯಲ್ಲಿ ತೊರೆಯು ಕೊಡಲಾರದುದನ್ನು ಸೂರ್ಯನು ಕೊಡುವನು. ಅಡಕೆಯನ್ನು ಸುಮಾರು ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸುವ ಆ ಊರಿನ ಕೃಷಿಕನಿಗೆ ಸೂರ್ಯನ ಉಪಕಾರವನ್ನು ಬೇರೆಯಾಗಿ ಬೋಧಿಸಬೇಕಾದುದಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯವು. ತೊರೆಯು ಕೊಳವೆಯಲ್ಲಿ ಹುಟ್ಟುವುದಲ್ಲ, ಕಾಡಿನಲ್ಲಿ ಹುಟ್ಟುವುದು. ಗುಡ್ಡವು ಬೋಳಾದರೆ ಮಳೆಯ ನೀರು ನಿಲ್ಲದೆ ಓಡಿಹೋಗುವುದು, ಚಕ್ರವು ಮಾರ್ಗಶಿರಕ್ಕೆ ಮೊದಲೇ ನಿಲ್ಲುವುದು. ಚಕ್ರವನ್ನು ತಿರುಗಿಸಿದ ನೀರನ್ನು ಪುನಃ ತೊರೆಗೇ ಬಿಡದಿದ್ದರೆ ಕೆಳಗಣ ನೆರೆಯವನ ತೋಟವು ಒಣಗುವುದು. ನೆರೆಯವನ ಬಾಯಾರಿಕೆಯಿಂದ ಉರಿಯುವ ದೀಪವು ದೀಪವಲ್ಲ.

ಇನ್ನು ಮನೆಯ ವಿಚಾರ. ಆ ಸೀಮೆಯ ಹಳೆಯ ಮನೆಗಳು ಮುರಕಲ್ಲಿನ ದಪ್ಪ ಗೋಡೆಗಳಿಂದಲೂ, ಇಳಿಜಾರಾದ ಹಂಚಿನ ಮಾಡಿನಿಂದಲೂ, ಮುಂಚಾಚಿದ ಸೂರಿನಿಂದಲೂ ಕೂಡಿರುವುವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಕಾರ್ಖಾನೆಯನ್ನು ತೆರೆದ ಬಳಿಕ ಮಂಗಳೂರು ಹಂಚು ಎಲ್ಲೆಡೆಯೂ ಹಬ್ಬಿತು. ಹಂಚುಗಳ ಸಂದುಗಳಿಂದ ಬಿಸಿಗಾಳಿಯು ಹೊರಹೋಗುವುದು. ಸೂರು ಗೋಡೆಯನ್ನು ಮಳೆಬಿಸಿಲುಗಳಿಂದ ಕಾಯುವುದು. ಅದಕ್ಕೆ ಬದಲಾಗಿ ಕಟ್ಟುವ ಕಾಂಕ್ರೀಟಿನ ಚಪ್ಪಟೆ ತಾರಸಿಯು ಹಗಲಿನ ಕಾವನ್ನು ಹೀರಿಕೊಂಡು ರಾತ್ರಿಯಲ್ಲಿ ಮಲಗಿದವರ ಮೇಲೆ ಸುರಿಸುವುದು. ಹಳೆಯದೆಲ್ಲವೂ ನಿರ್ದೋಷವೆಂದಲ್ಲ. ಆ ಮನೆಗಳಲ್ಲಿ ಕತ್ತಲೆಯುಂಟು. ಅಡಿಗೆಮನೆಯ ಹೊಗೆಯಿಂದ ಹೆಂಗಸರ ಕಣ್ಣೂ ಶ್ವಾಸಕೋಶವೂ ಕೆಟ್ಟುದುಂಟು. ಮಾಡಿನಲ್ಲಿ ನಾಲ್ಕು ಗಾಜಿನ ಹಂಚುಗಳನ್ನಿಟ್ಟರೆ ಕತ್ತಲೆಯು ನೀಗುವುದು. ಕೊಟ್ಟಿಗೆಯ ಸಗಣಿಯಿಂದ ಅನಿಲವನ್ನು ಪಡೆದರೆ ಹೊಗೆಯು ನೀಗುವುದು, ಗೊಬ್ಬರವೂ ಉಳಿಯುವುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಪ್ರಾರಂಭವಾದ ‘ಅಸ್ತ್ರ’ ಎಂಬ ಕೇಂದ್ರವು ಸೌದೆಯನ್ನು ಉಳಿಸುವ ಒಲೆಯನ್ನೂ, ಒತ್ತಿದ ಮಣ್ಣಿನ ಇಟ್ಟಿಗೆಗಳನ್ನೂ ರೂಪಿಸಿ, ವಿಜ್ಞಾನವು ಹಳ್ಳಿಯ ಅಂಗಳಕ್ಕೂ ಬರಬಲ್ಲುದೆಂದು ತೋರಿಸಿತು.

ಪಟ್ಟಣಗಳಿಗೂ ಇದೇ ಧರ್ಮವು. ಬೆಂಗಳೂರಿನಲ್ಲಿ 2007ರಿಂದ, ಗೊತ್ತುಪಡಿಸಿದ ವಿಸ್ತೀರ್ಣವನ್ನು ಮೀರಿದ ಹೊಸ ಮನೆಗಳು ಸೌರ ಜಲತಾಪಕವನ್ನು ಹೊಂದಿರಬೇಕೆಂಬ ನಿಯಮವು ಬಂದಿತು. 100 ಲೀಟರು ನೀರನ್ನು 30 ಡಿಗ್ರಿಗಳಷ್ಟು ಕಾಯಿಸಲು ಮೂರೂವರೆ ಯೂನಿಟ್ಟುಗಳು ಬೇಕು. ಬಿಸಿಲು ಅದನ್ನು ವೆಚ್ಚವಿಲ್ಲದೆ ಕಾಯಿಸುವುದು. ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟಿನ ಸೌರೋದ್ಯಾನವು ನಿರ್ಮಿತವಾಗಿರುವುದು. ಅದು ಮಹತ್ಕಾರ್ಯವೇ ಸರಿ. ಆದರೂ ಅಷ್ಟು ಭೂಮಿಯನ್ನು ಬೇಡುವ ಮುನ್ನ ಪಟ್ಟಣವು ತನ್ನ ಬರಿದಾದ ಮಾಳಿಗೆಗಳನ್ನೊಮ್ಮೆ ನೋಡಿಕೊಳ್ಳುವುದು ನ್ಯಾಯವು.

ಇಂದು ಹಾಕುವ ಅಸ್ತಿಭಾರದ ಮೇಲೆ ಮುಂದಣ ಐವತ್ತು ವರ್ಷಗಳ ಬಾಳು ನಿಲ್ಲತಕ್ಕದ್ದು. ಆದುದರಿಂದ ಮನೆಯನ್ನಾಗಲಿ ಶಾಲೆಯನ್ನಾಗಲಿ ದಾಸೋಹದ ಪಾಕಶಾಲೆಯನ್ನಾಗಲಿ ಕಟ್ಟಿಸುವ ಭಕ್ತರು, ಗಾಳಿಯು ಯಾವ ದಿಕ್ಕಿನಿಂದ ಬೀಸುವುದು, ಬಿಸಿಲು ಎಲ್ಲಿ ಬೀಳುವುದು, ಮಳೆಯ ನೀರು ಎಲ್ಲಿಗೆ ಹೋಗುವುದು ಎಂಬ ಮೂರು ಪ್ರಶ್ನೆಗಳನ್ನು ಮೇಸ್ತ್ರಿಯೊಡನೆ ಕುಳಿತು ಮೊದಲು ವಿಚಾರಿಸತಕ್ಕದ್ದು. ದುಡಿದು ಪಡೆಯುವುದು ಕಾಯಕವಾದರೆ, ಮಿತವಾಗಿ ಬಳಸಿ ಇತರರಿಗೂ ಮುಂದಿನವರಿಗೂ ಉಳಿಸುವುದು ದಾಸೋಹವೇ ಆಗಿರುವುದು. ಈ ವಿವೇಕವು ಎಲ್ಲರ ಮನೆಗಳಲ್ಲಿಯೂ ನೆಲೆಗೊಳ್ಳಲಿ.

ಶುಭಂ ಭವತು.