ತಲೆಯೊಳಗಿನ ಪ್ರತಿಧ್ವನಿ



ನಮ್ಮಜ್ಜ ಒಮ್ಮೆಲೇ ಏನೇನೋ ಮಾತಾಡತೊಡಗಿದಾಗ ಓಣಿಯವರು ‘ಗಾಳಿ ಸೋಕೈತಿ’ ಎಂದರು. ಧಾರವಾಡಕ್ಕೆ ಒಯ್ದೆವು. ಡಾಕ್ಟರು ಮೊದಲು ಕೇಳಿದ್ದು, ‘ಎಲ್ಲೆರೆ ಬಿದ್ದಿದ್ರೇನು?’ ತಿಂಗಳ ಹಿಂದೆ ಚಕ್ಕಡಿಯಿಂದ ಬಿದ್ದದ್ದು ಆಗ ನೆನಪಾಯಿತು. ಸ್ಕ್ಯಾನ್‌ನಲ್ಲಿ ಮೆದುಳಿನ ಮೇಲೆ ರಕ್ತ ನಿಂತದ್ದು ಕಂಡಿತು.

1971ರಲ್ಲಿ ಸಿಟಿ ಸ್ಕ್ಯಾನ್ ಬರುವ ಮೊದಲು ಇದನ್ನು ಶಬ್ದದಿಂದ ಹುಡುಕುತ್ತಿದ್ದರು. 1950ರ ದಶಕದಲ್ಲಿ ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಕಿವಿಯ ಮೇಲ್ಭಾಗದಿಂದ ಅಲ್ಟ್ರಾಸೌಂಡ್ ಹಾಯಿಸಿದರು. ಮೆದುಳಿನ ನಡುಗೆರೆಯ ಪ್ರತಿಧ್ವನಿ ಪಕ್ಕಕ್ಕೆ ಸರಿದಿದ್ದರೆ, ಒಳಗೆ ಗಡ್ಡೆಯೋ ರಕ್ತವೋ ನೂಕುತ್ತಿದೆ ಎಂದರ್ಥ. ಮಾನಸಿಕ ಆಸ್ಪತ್ರೆ ಸೇರಿದವರಲ್ಲೂ ಇಂಥವರು ಇರುತ್ತಾರೆ.

ರಕ್ತ ತೆಗೆಸಿದ ಮೇಲೆ ಅಜ್ಜ ನನ್ನ ಹೆಸರು ಹಿಡಿದು ಕರೆದರು. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಮನೆಯವರ ಬುದ್ಧಿ ಒಮ್ಮೆಲೇ ಬದಲಾದರೆ ದವಾಖಾನೆಗೆ ಕರೆದೊಯ್ಯಿರಿ, ಬಿದ್ದದ್ದನ್ನು ಮರೆಯದೆ ಹೇಳಿರಿ.